ಜೆರಾಕ್ಸ್ ಹೋಲಿಕೆಯನ್ನು ಬಿಟ್ಟುಬಿಡಿ, ಟೀಚರ್

ಪ್ರೀತಿಯ ಟೀಚರ್,

ಕೋಶದೊಳಗಿನ ಬರಹವಾದ ಡಿಎನ್‌ಎ ನಕಲಾಗುವ ಬಗ್ಗೆ ನೀವು ಬರೆದ ಲೇಖನ, 'ಡಿಎನ್‌ಎ ಪ್ರತಿಕೃತೀಕರಣ: ಒಂದು ಪರಿಚಯ', ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ. ಪೆರ್ಲದ ಕಡೆಯ ಕನ್ನಡ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವರು ಬರೆದದ್ದು ಎಂದು ಗೊತ್ತಾಗಿ ಆಸೆಯಿಂದಲೇ ಕವರು ಬಿಡಿಸಿದ್ದೆ. ಕಾಸರಗೋಡಿನಲ್ಲಿ ಕವಿತೆ ಬರೆಯುವವರು ಧಾರಾಳ ಇದ್ದಾರೆ. ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗಾಗಿ ನಾನು ವರ್ಷಗಟ್ಟಲೆ ಕಾದಿದ್ದೇನೆ. ಅದಕ್ಕೇ ಮುಚ್ಚುಮರೆ ಮಾಡುವುದಿಲ್ಲ: ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ತಪ್ಪುಗಳು ಹೆಚ್ಚಿಲ್ಲ. ಆದರೆ ಒಂದು ತಪ್ಪು ಬುಡದಲ್ಲೇ ಇದೆ.

ಮೊದಲ ಪ್ಯಾರಾದಲ್ಲೇ ನೀವು, ಕೋಶ ಒಡೆಯುವ ಮೊದಲು ಡಿಎನ್‌ಎ ತನ್ನ ಜೆರಾಕ್ಸ್ ಪ್ರತಿ ತೆಗೆದುಕೊಳ್ಳುತ್ತದೆ ಎಂದಿದ್ದೀರಿ. ರೇಷನ್ ಕಾರ್ಡನ್ನು ಜೆರಾಕ್ಸ್ ಅಂಗಡಿಗೆ ಕೊಂಡುಹೋದರೆ ಏನಾಗುತ್ತದೆ? ಅಸಲು ಇದ್ದ ಹಾಗೆಯೇ ವಾಪಸು ಕೈಗೆ ಬರುತ್ತದೆ, ನಕಲು ಪೂರ್ತಿ ಬೇರೆ ಹಾಳೆ. ಡಿಎನ್‌ಎ ಕಥೆ ಹಾಗಲ್ಲ. ಅಲ್ಲಿ ಎರಡು ಎಳೆ ಹೊಸೆದುಕೊಂಡ ಅಸಲೇ ಎರಡಾಗಿ ಬಿಡಿಸಿಕೊಳ್ಳುತ್ತದೆ. ಒಂದೊಂದು ಹಳೆಯ ಎಳೆಯ ಮಗ್ಗುಲಲ್ಲಿ ಒಂದೊಂದು ಹೊಸ ಎಳೆ ಕಟ್ಟಿಕೊಳ್ಳುತ್ತದೆ, ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎ ಎದುರು ಟಿ, ಜಿ ಎದುರು ಸಿ. ಕೆಲಸ ಮುಗಿದ ಮೇಲೆ ಇದರಲ್ಲಿ ಅಸಲು ಯಾವುದು ಎಂದು ಕೇಳಿದರೆ ಉತ್ತರವೇ ಇಲ್ಲ. ಎರಡರಲ್ಲೂ ಅರ್ಧ ಹಳತು, ಅರ್ಧ ಹೊಸತು. ನಾಲ್ಕನೇ ಪುಟದಲ್ಲಿ 'ಅರೆಸಂರಕ್ಷಿತ ವಿಧಾನ' ಎಂದು ನೀವೇ ಬರೆದಿದ್ದೀರಿ. ಆದರೆ ಅಲ್ಲಿಗೆ ಬರುವಾಗ ಓದುಗನ ತಲೆಯಲ್ಲಿ ಜೆರಾಕ್ಸ್ ಯಂತ್ರ ಗಟ್ಟಿಯಾಗಿ ಕೂತಿರುತ್ತದೆ. ಆ ದೊಡ್ಡ ಪದಕ್ಕೆ ಅದನ್ನು ಎಬ್ಬಿಸುವ ಶಕ್ತಿಯಿಲ್ಲ.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ದ್ವಿಸುರುಳಿಯ ರಚನೆ ಮುಂದಿಟ್ಟಾಗ ನಕಲಾಗುವ ರೀತಿ ಬರೀ ಊಹೆಯಾಗಿತ್ತು. ಹಳೆಯ ಜೋಡಿ ಜೋಡಿಯಾಗಿಯೇ ಉಳಿದು ಪಕ್ಕದಲ್ಲಿ ಪೂರ್ತಿ ಹೊಸ ಜೋಡಿ ಹುಟ್ಟುತ್ತದೆಯೋ, ಅರ್ಧರ್ಧವೋ, ಅಥವಾ ಹಳತು ಹೊಸತು ಚೂರುಚೂರಾಗಿ ಬೆರೆಯುತ್ತವೆಯೋ? ಅಂದರೆ ನಿಮ್ಮ ಜೆರಾಕ್ಸನ್ನು ವಿಜ್ಞಾನಿಗಳೂ ಸುಮ್ಮನೆ ತಳ್ಳಿಹಾಕಿರಲಿಲ್ಲ, ಪರೀಕ್ಷೆ ಮಾಡಿದ ಮೇಲೆಯೇ ಕೈಬಿಟ್ಟರು. ಆ ಪರೀಕ್ಷೆಗೆ ನೀವು ಕೊಟ್ಟದ್ದು ಒಂದೇ ಸಾಲು: "1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಇದನ್ನು ಸಾಬೀತುಪಡಿಸಿದರು." ನನಗೆ ಬೇಸರವಾದದ್ದು ಇಲ್ಲಿ. ಹೇಗೆ ಸಾಬೀತುಪಡಿಸಿದರು, ಟೀಚರ್?

ಬಿತ್ತನೆಯ ಭತ್ತವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೇಲಿಸುವುದು ನಿಮ್ಮ ಮಕ್ಕಳ ಮನೆಗಳಲ್ಲಿ ಗೊತ್ತಿರುವ ಕೆಲಸ. ಮೆಸೆಲ್ಸನ್ ಮತ್ತು ಸ್ಟಾಲ್ ಮಾಡಿದ್ದೂ ಸುಮಾರಾಗಿ ಅದನ್ನೇ. ಇ. ಕೋಲೈ ಬ್ಯಾಕ್ಟೀರಿಯಾವನ್ನು ಹಲವು ತಲೆಮಾರು ಭಾರದ ಸಾರಜನಕದಲ್ಲಿ, ಅಂದರೆ ಸಾರಜನಕ-15ರಲ್ಲಿ ಬೆಳೆಸಿದರು. ಅದು ಸೇರಿ ಡಿಎನ್‌ಎಯ ಎಳೆಗಳೆಲ್ಲ ಭಾರವಾದವು. ಆಮೇಲೆ ಒಮ್ಮೆಗೇ ಮಾಮೂಲಿ ಸಾರಜನಕ-14ಕ್ಕೆ ಬದಲಾಯಿಸಿದರು. ಅಲ್ಲಿಂದ ಮುಂದೆ ಹುಟ್ಟುವ ಎಳೆಗಳೆಲ್ಲ ಹಗುರ. ಸೀಸಿಯಂ ಕ್ಲೋರೈಡ್ ಎಂಬ ಉಪ್ಪಿನ ದ್ರಾವಣದಲ್ಲಿ ಡಿಎನ್‌ಎ ಹಾಕಿ, ನಿಮಿಷಕ್ಕೆ 44,000ಕ್ಕಿಂತ ಹೆಚ್ಚು ಸುತ್ತು ತಿರುಗುವ ಯಂತ್ರದಲ್ಲಿ ಗಂಟೆಗಟ್ಟಲೆ ತಿರುಗಿಸಿದರು. ಭಾರದ್ದು ಕೆಳಗೆ, ಹಗುರದ್ದು ಮೇಲೆ ಗೆರೆಯಾಗಿ ನಿಲ್ಲಬೇಕು. ಒಂದು ತಲೆಮಾರು ಕಳೆದಾಗ ಕಂಡದ್ದು ಒಂದೇ ಗೆರೆ, ಸರಿಯಾಗಿ ನಡುವೆ. ಜೆರಾಕ್ಸ್ ಆಗಿದ್ದರೆ ಭಾರದ್ದೊಂದು, ಹಗುರದ್ದೊಂದು ಎರಡು ಗೆರೆ ಬರಬೇಕಿತ್ತು. ಎರಡನೇ ತಲೆಮಾರಿಗೆ ಅರ್ಧ ನಡುವೆಯೇ ಉಳಿಯಿತು, ಇನ್ನರ್ಧ ಮೇಲೆ ಹಗುರದ ಜಾಗಕ್ಕೆ ಬಂತು. ಚೂರುಚೂರು ಬೆರೆಯುವ ಊಹೆಯೂ ಅಲ್ಲಿಗೆ ಬಿತ್ತು. ಇದನ್ನು ನೀವು ಒಂದೂವರೆ ಪುಟ ಬರೆಯಬೇಕು. ಬೇಕಾದರೆ ಬೇರೆ ಏನನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ಇನ್ನು ಎರಡನೇ ಪುಟ. "ಹೆಲಿಕೇಸ್ ಕಿಣ್ವ ಎಳೆಗಳನ್ನು ಜಿಪ್ಪಿನಂತೆ ಬಿಚ್ಚುತ್ತದೆ." ಜಿಪ್ಪಿಗೆ ತಿರುಪು ಇಲ್ಲ, ಡಿಎನ್‌ಎಗೆ ಇದೆ. ಹಿತ್ತಿಲಲ್ಲಿ ಬಿದ್ದಿದ್ದ ಎರಡೆಳೆಯ ಕತ್ತದ ಹಗ್ಗವೊಂದನ್ನು ತಂದು, ಒಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿದೆ. ಇನ್ನೊಂದು ತುದಿಯ ಎಳೆಗಳನ್ನು ಎರಡು ಕೈಯಲ್ಲಿ ಹಿಡಿದು ಬಿಡಿಸುತ್ತಾ ಹೋದೆ. ಒಂದು ಗೇಣು ಸಲೀಸಾಗಿ ಬಂತು. ಮುಂದೆ ಹುರಿ ಬಿಗಿಯಾಗುತ್ತಾ ಹೋಯಿತು, ಹಗ್ಗ ನಡುವೆ ಗಂಟಿನ ಹಾಗೆ ಮಡಚಿಕೊಂಡಿತು, ಎಷ್ಟು ಎಳೆದರೂ ಬರಲಿಲ್ಲ. ಬಿಡಿಸಿದ ತಿರುಪು ಎಲ್ಲಿಗೂ ಹೋಗುವುದಿಲ್ಲ, ಮುಂದಿನ ಭಾಗಕ್ಕೆ ಸೇರಿಕೊಳ್ಳುತ್ತದೆ. ಡಿಎನ್‌ಎಯಲ್ಲಿ ಹೆಚ್ಚುಕಡಿಮೆ ಹತ್ತು ಅಕ್ಷರಕ್ಕೊಂದು ಸುತ್ತು. ಬ್ಯಾಕ್ಟೀರಿಯಾದಲ್ಲಿ ನಕಲು ಸೆಕೆಂಡಿಗೆ ಸುಮಾರು ಸಾವಿರ ಅಕ್ಷರ ಓಡುತ್ತದೆ. ಅಂದರೆ ಸೆಕೆಂಡಿಗೆ ನೂರು ಸುತ್ತಿನ ಬಿಗಿತ! ಅದನ್ನು ಸಡಿಲಿಸಲು ಟೋಪೋಐಸೋಮರೇಸ್ ಎಂಬ ಕಿಣ್ವಗಳು ಎಳೆಯನ್ನು ಕತ್ತರಿಸಿ, ತಿರುಪು ಬಿಟ್ಟು, ಮತ್ತೆ ಬೆಸೆಯುತ್ತವೆ. ನಿಮ್ಮ ಪಟ್ಟಿಯಲ್ಲಿ ಇವುಗಳ ಹೆಸರೇ ಇಲ್ಲ. ಡಾಕ್ಟರು ಬರೆದುಕೊಡುವ ಸಿಪ್ರೋಫ್ಲೋಕ್ಸಾಸಿನ್ ಮಾತ್ರೆ ಬ್ಯಾಕ್ಟೀರಿಯಾದ ಇದೇ ಬಗೆಯ ಕಿಣ್ವಕ್ಕೆ ಅಡ್ಡಗಾಲು ಹಾಕಿ ಅದನ್ನು ಕೊಲ್ಲುತ್ತದೆ. ಹತ್ತನೇ ಕ್ಲಾಸಿನ ಹುಡುಗನಿಗೆ ಇದನ್ನು ಹೇಳಿ ನೋಡಿ, ಮನೆಗೆ ಹೋಗಿ ಔಷಧದ ಡಬ್ಬಿ ಹುಡುಕುತ್ತಾನೆ.

ಒಕಾಝಾಕಿ ತುಂಡುಗಳ ಭಾಗ ನನಗೆ ಅರ್ಥವಾಗಲೇ ಇಲ್ಲ. ವಿಷಯ ಗೊತ್ತಿದ್ದ ನನಗೇ ಹೀಗಾದರೆ ಗೊತ್ತಿಲ್ಲದವರ ಪಾಡೇನು? ಹೆದ್ದಾರಿ ಅಗಲ ಮಾಡುವುದನ್ನು ನಾವೆಲ್ಲ ವರ್ಷಗಟ್ಟಲೆ ನೋಡಿದ್ದೇವೆ, ಅದನ್ನೇ ಇಟ್ಟುಕೊಳ್ಳಿ. ಡಿಎನ್‌ಎಯ ಎರಡು ಎಳೆ ಅಂದರೆ ಒಂದು ಬದಿ ಮಂಗಳೂರಿನ ಕಡೆಗೆ, ಇನ್ನೊಂದು ಬದಿ ಕಾಸರಗೋಡಿನ ಕಡೆಗೆ. ನೆಲ ಅಗೆಯುವ ಯಂತ್ರ ಮಂಗಳೂರಿನತ್ತ ಹೋಗುತ್ತಿದೆ. ಡಾಂಬರು ಹಾಕುವವರಿಗೆ, ಅಂದರೆ ಹೊಸ ಎಳೆ ಕಟ್ಟುವ ಕಿಣ್ವ ಪಾಲಿಮರೇಸ್‌ಗೆ, ಒಂದೇ ನಿಯಮ: ತಮ್ಮ ಬದಿಯ ವಾಹನ ಹೋಗುವ ದಿಕ್ಕಿಗೇ ಹಾಕುತ್ತಾ ಸಾಗಬೇಕು. ಮಂಗಳೂರು ಬದಿಯವರು ಯಂತ್ರದ ಬೆನ್ನಿಗೇ ನಿಲ್ಲದೆ ಹೋಗುತ್ತಾರೆ. ಕಾಸರಗೋಡು ಬದಿಯವರು ಏನು ಮಾಡಬೇಕು? ಯಂತ್ರ ಸ್ವಲ್ಪ ಮುಂದೆ ಹೋದಾಗ ಅಲ್ಲಿಗೆ ಓಡಿ, ಹಿಂದಕ್ಕೆ ಹಾಕುತ್ತಾ ಬಂದು, ಹಳೆಯ ತುಂಡಿಗೆ ಮುಟ್ಟಿಸಿ, ಮತ್ತೆ ಮುಂದಕ್ಕೆ ಓಡಬೇಕು. ಹೀಗೆ ಆದ ತುಂಡುಗಳೇ ಒಕಾಝಾಕಿ ತುಂಡುಗಳು, ಅವನ್ನು ಲೈಗೇಸ್ ಎಂಬ ಕಿಣ್ವ ಬೆಸೆಯುತ್ತದೆ. ಬ್ಯಾಕ್ಟೀರಿಯಾದಲ್ಲಿ ಒಂದು ತುಂಡು ಸಾವಿರದಿಂದ ಎರಡು ಸಾವಿರ ಅಕ್ಷರ, ನಮ್ಮ ಕೋಶಗಳಲ್ಲಿ ನೂರರಿಂದ ಇನ್ನೂರು.

ಒಕಾಝಾಕಿ ಅಂದರೆ ಯಾರು ಎಂದು ನೀವು ಹೇಳಿಲ್ಲ. ಅದು ಒಬ್ಬರಲ್ಲ, ಇಬ್ಬರು: ಜಪಾನಿನ ನಗೋಯಾದಲ್ಲಿ ಕೆಲಸ ಮಾಡಿದ ರೈಜಿ ಮತ್ತು ತ್ಸುನೆಕೊ ದಂಪತಿ, 1960ರ ದಶಕದಲ್ಲಿ ಈ ತುಂಡುಗಳನ್ನು ಕಂಡುಹಿಡಿದವರು. ರೈಜಿ ಹಿರೋಶಿಮಾದ ಹುಡುಗ, 1945ರ ಬಾಂಬಿನ ವಿಕಿರಣ ತಗಲಿದವರು. 1975ರಲ್ಲಿ ರಕ್ತದ ಕ್ಯಾನ್ಸರಿನಿಂದ, 44ನೇ ವಯಸ್ಸಿಗೆ ತೀರಿಕೊಂಡರು. ತ್ಸುನೆಕೊ ಕೆಲಸ ನಿಲ್ಲಿಸಲಿಲ್ಲ. ಮಕ್ಕಳು ಬಾಯಿಪಾಠ ಮಾಡುವ ಹೆಸರಿನ ಹಿಂದೆ ಇಷ್ಟಿದೆ.

ನೀವು ಚೆನ್ನಾಗಿ ಬರೆದದ್ದು ತಪ್ಪು ತಿದ್ದುವ ಭಾಗ. ಕರಡು ತಿದ್ದುವುದು ನನ್ನ ದಿನದ ಕೆಲಸವಾದ್ದರಿಂದ ಆ ಪುಟ ನನಗೆ ಹತ್ತಿರದ್ದು. ಪಾಲಿಮರೇಸ್ ಸುಮಾರು ಲಕ್ಷ ಅಕ್ಷರಕ್ಕೊಂದು ತಪ್ಪು ಜೋಡಿಸುತ್ತದೆ, ಹೆಚ್ಚಿನವನ್ನು ಆಗಲೇ ಒಂದು ಹೆಜ್ಜೆ ಹಿಂದೆ ಸರಿದು ಕಿತ್ತು ಸರಿಮಾಡುತ್ತದೆ, ಉಳಿದದ್ದನ್ನು ಹಿಂದಿನಿಂದ ಬರುವ ಇನ್ನೊಂದು ತಂಡ ಹಿಡಿಯುತ್ತದೆ. ಕೊನೆಗೆ ಉಳಿಯುವುದು ನೂರು ಕೋಟಿಗೆ ಒಂದರಷ್ಟು. ಎಲ್ಲ ಸರಿ, ಆದರೆ ಸಂಖ್ಯೆಯನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿ. ನಮ್ಮ ಪತ್ರಿಕೆಯ ಪುಟಕ್ಕೆ ಎರಡು ಸಾವಿರ ಅಕ್ಷರ ಎಂದುಕೊಂಡರೂ ಅದು ಐದು ಲಕ್ಷ ಪುಟಕ್ಕೆ ಒಂದು ಅಕ್ಷರದ ತಪ್ಪು. ಆ ಎರಡನೇ ತಂಡದ ಕೆಲಸವನ್ನು ಬಿಡಿಸಿ ತೋರಿಸಿದ ಪಾಲ್ ಮೋಡ್ರಿಚ್ 2015ರ ನೊಬೆಲ್ ಹಂಚಿಕೊಂಡರು, ಸೇರಿಸಿ.

ಅದರ ಬೆನ್ನಿಗೇ "ಈ ನಿಖರತೆಯಿಂದಲೇ ಮಕ್ಕಳು ತಂದೆತಾಯಿಯಂತೆ ಇರುತ್ತಾರೆ" ಎಂದಿರುವ ಸಾಲನ್ನು ಹೊಡೆದುಹಾಕಿ. ಇಲ್ಲಿನ ಯಾವ ತೋಟದವರೂ ಒಪ್ಪುವುದಿಲ್ಲ. ಎತ್ತರದ ತಳಿಯ ಒಂದೇ ತೆಂಗಿನ ಮರದಿಂದ ಹತ್ತು ಕಾಯಿ ಬಿತ್ತಿದರೆ ಹತ್ತು ಬಗೆಯ ಮರ. ಅದು ನಕಲಿನ ತಪ್ಪಲ್ಲ. ಅರ್ಧ ಪಾಲು ಬೇರೆ ಮರದ ಪರಾಗದಿಂದ ಬಂದದ್ದು. ಒಂದು ಮರದೊಳಗೆ ಬೇರಿನಿಂದ ಸಿರಿಯವರೆಗೆ ಕೋಶಕೋಶಕ್ಕೂ ಒಂದೇ ಬರಹ ಸಿಗುವುದು ನಕಲಿನ ಕೆಲಸ, ಮರದಿಂದ ಮರಕ್ಕೆ ಬೆರೆಯುವುದು ಬೇರೆ ಕೆಲಸ. ಕಾಸರಗೋಡಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿದೆ, ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ನಿಮ್ಮಿಂದ ಬಸ್ಸಿನ ದೂರದಲ್ಲಿದೆ. ಒಂದು ಶನಿವಾರ ಹೋಗಿ ಕೇಳಿ ಬನ್ನಿ.

ಕೊನೆಯ ಪ್ಯಾರಾ, "ಹೀಗೆ ಡಿಎನ್‌ಎ ಜೀವದ ಆಧಾರ", ಯಾರ ಲೇಖನಕ್ಕೆ ಬೇಕಾದರೂ ಹೊಂದುತ್ತದೆ. ನಿಮ್ಮದಕ್ಕೆ ಹೊಂದುವುದು ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ. 2021ರಲ್ಲಿ ಮಂಗಳೂರಿಗೆ ದಾಟಬೇಕಾದರೆ ಆರ್‌ಟಿ-ಪಿಸಿಆರ್ ನೆಗೆಟಿವ್ ಚೀಟಿ ಬೇಕಿತ್ತು. ಆಸ್ಪತ್ರೆಗೆ, ಕಾಲೇಜಿಗೆ, ಕೂಲಿಗೆ ಹೋಗುವವರೆಲ್ಲ ಅದನ್ನು ಹಿಡಿದು ನಿಂತದ್ದನ್ನು ನೀವೂ ನೋಡಿದ್ದೀರಿ. ಆ ಚೀಟಿಯ ಹಿಂದೆ ನಡೆದದ್ದು ನಿಮ್ಮ ವಿಷಯವೇ. ವೈರಸ್ಸಿನ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ಮಾಡಿಕೊಂಡು, ಹೆಲಿಕೇಸ್ ಬದಲು ಸುಮಾರು 95 ಡಿಗ್ರಿ ಬಿಸಿಯಿಂದ ಎಳೆ ಬಿಡಿಸಿ, ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಪಡೆದ ಪಾಲಿಮರೇಸ್‌ನಿಂದ ಹೊಸ ಎಳೆ ಕಟ್ಟಿಸುವುದು. ಒಂದು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತಿಗೆ ನೂರು ಕೋಟಿ ದಾಟುತ್ತದೆ. ಈ ಉಪಾಯ 1983ರಲ್ಲಿ ಕ್ಯಾರಿ ಮುಲ್ಲಿಸ್‌ಗೆ ಹೊಳೆದದ್ದು. ಲೇಖನವನ್ನು ತಲಪಾಡಿಯಲ್ಲಿ ನಿಂತ ಆ ಜನರ ಸಾಲಿನಿಂದಲೇ ಶುರು ಮಾಡಬಹುದಲ್ಲವೇ?

ಭಾಷೆಯ ಬಗ್ಗೆ ಒಂದೇ ಮಾತು. 'ಪ್ರತಿಕೃತೀಕರಣ' ಇಪ್ಪತ್ತಕ್ಕಿಂತ ಹೆಚ್ಚು ಸಲ ಬಂದಿದೆ. ಕ್ಲಾಸಿನಲ್ಲಿ ನೀವು ಹೀಗೆ ಮಾತಾಡುವುದಿಲ್ಲ ಎಂದು ನನಗೆ ನಂಬಿಕೆ. ಒಮ್ಮೆ ಹೇಳಿ, ಆಮೇಲೆ 'ನಕಲಾಗುವುದು' ಸಾಕು. ಕಿಣ್ವಗಳ ಹೆಸರು ಹಾಗೆಯೇ ಇರಲಿ, ಅವನ್ನು ಕನ್ನಡಿಸುವ ಶ್ರಮ ಬೇಡ.

ಆಟಿ ತಿಂಗಳ ಸಂಚಿಕೆಯಲ್ಲಿ ನಿಮಗೆ ಐದು ಪುಟ ತೆಗೆದಿಟ್ಟಿದ್ದೇನೆ, ಜುಲೈ 10ರೊಳಗೆ ಕಳಿಸಿ. ಹಸ್ತಪ್ರತಿಯ ಜೊತೆ ಆ ಕತ್ತದ ಹಗ್ಗದ ತುಂಡನ್ನೂ ಕವರಿನಲ್ಲಿ ಇಟ್ಟಿದ್ದೇನೆ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಅದನ್ನು ಮಕ್ಕಳ ಕೈಗೆ ಕೊಡಿ, ಹಗ್ಗ ಗಂಟಾದಾಗ ಅವರು ಏನು ಹೇಳಿದರು ಎಂಬುದನ್ನು ಬರೆದಿಟ್ಟುಕೊಳ್ಳಿ, ಅವರದೇ ಮಾತಿನಲ್ಲಿ.

ವಿಶ್ವಾಸದಿಂದ,
ಸಂಪಾದಕ