ಹೊಸತೊಡಕಿನ ಮಟನ್ ಸಾರು ತಿಂದ ನಾಯಿಗೆ ವಾಂತಿ, ಭೇದಿ. ಮನೆಯಲ್ಲೇ ಏನು ಮಾಡಬಹುದು?

ನಾಲ್ಕು ವರ್ಷದ ಲ್ಯಾಬ್ರಡಾರ್ (ಲ್ಯಾಬ್), ಹೊಸತೊಡಕಿನ ದಿನ ಮಟನ್ ಸಾರಿನ ಅನ್ನ, ಕೊಬ್ಬಿನ ಚೂರು ತಿಂದಿದೆ. ರಾತ್ರಿ ಎರಡು ಸಲ ವಾಂತಿ, ಬೆಳಿಗ್ಗೆ ನೀರು ನೀರಾಗಿ ಭೇದಿ, ಆದರೂ ಕರೆದರೆ ಬಾಲ ಅಲ್ಲಾಡಿಸುತ್ತದೆ ಅಂತ ಬರೆದಿದ್ದೀರಿ. ಆ ಬಾಲದ ಮಾತು ಓದಿ ಸ್ವಲ್ಪ ಸಮಾಧಾನವಾಯಿತು. ನಾಯಿ ಲವಲವಿಕೆಯಿಂದ ಇದ್ದರೆ ಒಂದು ದಿನ ಮನೆಯಲ್ಲೇ ನೋಡಿಕೊಳ್ಳಬಹುದು.

ಮೊದಲು ಊಟ ನಿಲ್ಲಿಸಿ. ಕೊನೆಯ ವಾಂತಿ ಆದಮೇಲೆ ಸುಮಾರು 12 ಗಂಟೆ ಏನೂ ಬೇಡ. ನಮ್ಮ ಮನೆಗಳಲ್ಲಿ ಇದೇ ಕಷ್ಟ, ಮೂಕ ಪ್ರಾಣಿ ಖಾಲಿ ಹೊಟ್ಟೆಯಲ್ಲಿ ಮಲಗಿದೆ ಅಂತ ಯಾರಾದರೂ ಹಾಲನ್ನ ಕಲಸಿ ಇಟ್ಟುಬಿಡುತ್ತಾರೆ, ಅದು ತಿಂದು ಮತ್ತೆ ಕಾರುತ್ತದೆ. ದೊಡ್ಡ ನಾಯಿಗೆ ಒಂದು ಹೊತ್ತಿನ ಉಪವಾಸದಿಂದ ಏನೂ ಆಗುವುದಿಲ್ಲ. ಮರಿಯಾಗಿದ್ದರೆ ಮಾತ್ರ ಉಪವಾಸ ಇರಿಸಬೇಡಿ, ನೇರ ಡಾಕ್ಟರ್ ಹತ್ತಿರ ಹೋಗಿ.

ನೀರು ಬೇಕೇ ಬೇಕು, ಆದರೆ ಬಟ್ಟಲು ತುಂಬ ಇಡಬೇಡಿ. ಗಟಗಟ ಕುಡಿದು ಎಲ್ಲ ಹೊರಹಾಕುತ್ತದೆ. ಅರ್ಧ ಗಂಟೆಗೊಮ್ಮೆ ನಾಲ್ಕೈದು ಚಮಚ ಸಾಕು, ಐಸ್ ತುಂಡು ನೆಕ್ಕಿಸಿದರೂ ಆಗುತ್ತದೆ. ಮಜ್ಜಿಗೆ ಕೊಡಲಾ ಅಂತ ಕೇಳಿದ್ದೀರಿ, ಈಗ ಬೇಡ. ಹಾಲಿನ ಪದಾರ್ಥ ಎಷ್ಟೋ ನಾಯಿಗಳಿಗೆ ಅರಗುವುದಿಲ್ಲ, ಉಪ್ಪು, ಶುಂಠಿ, ಹಸಿಮೆಣಸು ಹಾಕಿದ ನಮ್ಮ ಮಜ್ಜಿಗೆ ಅಂತೂ ಬೇಡವೇ ಬೇಡ.

ವಾಂತಿ ನಿಂತ ಮೇಲೆ ಮೆತ್ತಗೆ ಬೆಂದ ಅನ್ನ ಎರಡು ಪಾಲು, ಚರ್ಮ ತೆಗೆದು ಬೇಯಿಸಿದ ಕೋಳಿಯ ಎದೆ ಮಾಂಸ ಒಂದು ಪಾಲು. ಉಪ್ಪು, ಎಣ್ಣೆ, ಒಗ್ಗರಣೆ ಏನೂ ಇಲ್ಲ. ಒಂದೆರಡು ಚಮಚ ಬೇಯಿಸಿದ ಸಿಹಿಗುಂಬಳ ಸೇರಿಸಿದರೆ ಭೇದಿ ಗಟ್ಟಿಯಾಗಲು ಒಳ್ಳೆಯದು. ಸ್ವಲ್ಪ ಸ್ವಲ್ಪವೇ, ದಿನಕ್ಕೆ ನಾಲ್ಕೈದು ಸಲ. ಎರಡು ಮೂರು ದಿನ ಹೀಗೆ ಮಾಡಿ, ಆಮೇಲೆ ಮಾಮೂಲಿ ಊಟ ಬೆರೆಸುತ್ತಾ ಬನ್ನಿ.

ನನಗೆ ಜಾಸ್ತಿ ಭಯ ಆ ಕೊಬ್ಬಿನ ಚೂರಿನದ್ದು. ನಮ್ಮ ಗುಂಡ ಒಮ್ಮೆ ಹೀಗೇ ಕೊಬ್ಬು ತಿಂದ. ಮೊದಲ ದಿನ ಬರೀ ವಾಂತಿ. ಮಾರನೇ ದಿನ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ, ಹಾಗೇ ನಿಂತಿದ್ದ. ಮೈ ಮುರಿಯುತ್ತಿದ್ದಾನೆ ಅಂದುಕೊಂಡೆವು, ಆದರೆ ಎಷ್ಟು ಹೊತ್ತಾದರೂ ಏಳಲಿಲ್ಲ, ಹೊಟ್ಟೆ ಮುಟ್ಟಿದರೆ ಗುರ್ ಅನ್ನುತ್ತಿದ್ದ. ಅದು ಹೊಟ್ಟೆನೋವಿನ ಭಂಗಿ. ಕೊಬ್ಬು ಜಾಸ್ತಿಯಾಗಿ ಪ್ಯಾಂಕ್ರಿಯಾಸ್, ಅಂದರೆ ಜೀರ್ಣರಸ ಕೊಡುವ ಗ್ರಂಥಿ, ಊದಿಕೊಂಡಿತ್ತು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಮೂರು ದಿನ ಡ್ರಿಪ್ ಹಾಕಿಸಿದ ಮೇಲೆ ಚೇತರಿಸಿಕೊಂಡ. ನಿಮ್ಮವನು ಹಾಗೆ ನಿಂತರೆ ಕಾಯಬೇಡಿ, ದಯವಿಟ್ಟು.

ಇನ್ನೊಂದು, ಸಾರಿಗೆ ಎಷ್ಟು ಈರುಳ್ಳಿ, ಬೆಳ್ಳುಳ್ಳಿ ರುಬ್ಬಿದ್ದಿರಿ ಅಂತ ಅಡುಗೆ ಮಾಡಿದವರನ್ನು ಕೇಳಿ. ಇವೆರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ನಾಯಿಯ ತೂಕದ ಕೆಜಿಗೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆ ಸೇರಿದರೆ ತೊಂದರೆ ಕಾಣುತ್ತದೆ, ಬೆಳ್ಳುಳ್ಳಿ ಅದಕ್ಕಿಂತ ಕಡಿಮೆ ಸಾಕು. 30 ಕೆಜಿ ಲ್ಯಾಬ್ ಒಂದು ಸೌಟು ಸಾರು ತಿಂದಿದ್ದರೆ ಅಷ್ಟು ಹೆದರಬೇಕಿಲ್ಲ, ಪಾತ್ರೆಯೇ ಖಾಲಿ ಮಾಡಿದ್ದರೆ ಡಾಕ್ಟರಿಗೆ ಇವತ್ತೇ ಹೇಳಿ. ಇದರ ಲಕ್ಷಣ ಮೂರ್ನಾಲ್ಕು ದಿನ ಬಿಟ್ಟೂ ಬರಬಹುದು, ಹಾಗಾಗಿ ಹೊಟ್ಟೆ ಸರಿಹೋದರೂ ಒಂದು ವಾರ ದಿನಾ ವಸಡು ನೋಡಿ. ವಸಡು ಬಿಳಚಿಕೊಂಡರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಓಡಿ. ಹಬ್ಬದ ಪಾಯಸವನ್ನೂ ತಿಂದಿದ್ದು ಅದರಲ್ಲಿ ಒಣದ್ರಾಕ್ಷಿ ಇದ್ದಿದ್ದರೆ ಯಾವ ಲಕ್ಷಣಕ್ಕೂ ಕಾಯಬೇಡಿ, ಅದು ಕಿಡ್ನಿಗೇ ಹೊಡೆತ ಕೊಡುತ್ತದೆ.

ನೀರು ಕಡಿಮೆಯಾಗಿದೆಯಾ ಅಂತ ನೋಡಲು ವಸಡನ್ನು ಬೆರಳಲ್ಲಿ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ವಸಡು ಅಂಟಂಟಾಗಿದ್ದರೆ, ಕುಡಿದ ನೀರೂ ನಿಲ್ಲದಿದ್ದರೆ, ರಕ್ತ ಅಥವಾ ಟಾರಿನಂಥ ಕಪ್ಪು ಭೇದಿ ಕಂಡರೆ ಮನೆಮದ್ದು ನಿಲ್ಲಿಸಿ, ಡಾಕ್ಟರ್ ಹತ್ತಿರ ಹೋಗಿ. ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಬರದಿದ್ದರೆ ಗಂಟೆಗಳ ಲೆಕ್ಕ, ಮಧ್ಯರಾತ್ರಿಯಾದರೂ ಹೊರಡಿ. ಮೂಳೆ ನುಂಗಿದ್ದರೆ ಅದನ್ನೂ ಹೇಳಿ, ಬೆಂದ ಮೂಳೆ ಚೂಪಾಗಿ ಸೀಳಿಕೊಂಡು ಕರುಳಿಗೆ ಚುಚ್ಚಬಹುದು.

ನಮ್ಮ ಭೇದಿ ಮಾತ್ರೆ, ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಯಾವುದನ್ನೂ ಕೊಡಬೇಡಿ. ವಾಂತಿ ಬರಲಿ ಅಂತ ಉಪ್ಪುನೀರು ಕುಡಿಸುವುದೂ ಅಪಾಯ. ವಾಂತಿಯದ್ದು, ಭೇದಿಯದ್ದು ಒಂದೊಂದು ಫೋಟೋ ತೆಗೆದಿಟ್ಟುಕೊಳ್ಳಿ, ಎಷ್ಟು ಹೊತ್ತಿಗೆ ಆಯಿತು ಅಂತ ಬರೆದಿಡಿ, ಡಾಕ್ಟರ್ ಮೊದಲು ಕೇಳುವುದೇ ಅದನ್ನು. ಸಂಜೆ ಹೇಗಿದ್ದಾನೆ ಅಂತ ಇಲ್ಲೇ ಒಂದು ಸಾಲು ತಿಳಿಸಿ, ಕಾಯುತ್ತಿರುತ್ತೇನೆ.