ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ವರದಿಯಲ್ಲಿ ‘ಮಿಶ್ರ ಬೆಳವಣಿಗೆ’ ಎಂದಿದೆ. ಮತ್ತೆ ಸ್ಯಾಂಪಲ್ ಕೊಡಬೇಕೇ?

ಉರಿಮೂತ್ರ ಇನ್ನೂ ಇದ್ದರೆ ಕೊಡಿ. ಮಿಶ್ರ ಬೆಳವಣಿಗೆ ಅಂದರೆ ಬಹುಪಾಲು ಸಲ ಚರ್ಮದ, ಯೋನಿಯ ಬ್ಯಾಕ್ಟೀರಿಯಾ ಬೆರೆತಿದೆ ಎಂದೇ ಅರ್ಥ. ಅದನ್ನಷ್ಟೇ ನೋಡಿ ಆಂಟಿಬಯೋಟಿಕ್ ನುಂಗುವುದು ದಂಡ.

ಕೈ ತೊಳೆದು, ಯೋನಿತುಟಿಗಳನ್ನು ಎರಡು ಬೆರಳಲ್ಲಿ ಅಗಲಿಸಿ, ಮುಂದಿನಿಂದ ಹಿಂದಕ್ಕೆ ಒರೆಸಿಕೊಳ್ಳಿ. ಬೆರಳು ತೆಗೆಯದೆ ಮೊದಲ ಧಾರೆ ಹೊರಗೆ ಬಿಟ್ಟು, ನಡುವಿನದನ್ನು 20–30 ಮಿಲೀ ಹಿಡಿಯಿರಿ. ಲ್ಯಾಬಿನವರು ಕೊಟ್ಟ ಸ್ಟೆರೈಲ್ (ಕ್ರಿಮಿರಹಿತ) ಡಬ್ಬಿಯೇ ಆಗಬೇಕು, ತೊಳೆದ ಔಷಧಿ ಬಾಟಲಿ ಬೇಡವೇ ಬೇಡ.

ಮಳವಳ್ಳಿ, ಮದ್ದೂರು ಕಡೆಯಿಂದ ಮೈಸೂರಿಗೆ ಬಸ್ಸಲ್ಲಿ ಡಬ್ಬಿ ತರುವವರು ಎಡವುವುದು ಬೇರೆ ಕಡೆ: 2 ಗಂಟೆ ದಾಟಿದರೆ ಬ್ಯಾಕ್ಟೀರಿಯಾ ಡಬ್ಬಿಯೊಳಗೇ ಹೆಚ್ಚಿ ಎಣಿಕೆ ಕೆಡುತ್ತದೆ. ಲ್ಯಾಬಿನ ಶೌಚಾಲಯದಲ್ಲೇ ಹಿಡಿದು ಕೊಡುವುದು ಮೇಲು. ಆಗದಿದ್ದರೆ ಫ್ರಿಜ್ಜಿನಲ್ಲಿಟ್ಟು, ಐಸ್ ಜೊತೆ, 24 ಗಂಟೆಯೊಳಗೆ ತಲುಪಿಸಿ.

ಜ್ವರ, ಚಳಿ, ಪಕ್ಕೆನೋವು ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ವರದಿಗೆ ಕಾಯದೆ ವೈದ್ಯರನ್ನು ಕಾಣಿ.