ಆಲ್ ಬೌಲಿಯೋ, ಸ್ಯಾಮ್ ಬ್ರೌನೋ?

1930ರ ದಶಕದ ಆರಂಭದ ಎಚ್‌ಎಂವಿ ಗ್ರಾಮಫೋನ್ ತಟ್ಟೆಗಳ ಲೇಬಲ್ಲಿನಲ್ಲಿ ‘ವಿತ್ ವೋಕಲ್ ರಿಫ್ರೇನ್’ (ಹಾಡಿದ ಪಲ್ಲವಿಯೊಂದಿಗೆ) ಅಂತಷ್ಟೇ ಇದೆ, ಹಾಡಿದ್ದು ಆ ಕಾಲದ ಬ್ರಿಟನ್ನಿನ ಡ್ಯಾನ್ಸ್ ಬ್ಯಾಂಡ್ ಗಾಯಕರಲ್ಲಿ ಆಲ್ ಬೌಲಿಯೋ ಸ್ಯಾಮ್ ಬ್ರೌನೋ ತಿಳಿಯೋದು ಹೇಗೆ ಅಂತ ಕೇಳಿದ್ದೀರಿ.

ಮೊದಲು ವೇಗ ಸರಿಮಾಡಿಕೊಳ್ಳಿ. ತಟ್ಟೆ ನಿಮಿಷಕ್ಕೆ 78 ಸುತ್ತಿನ ಬದಲು 80 ಸುತ್ತು ತಿರುಗಿದರೆ ಶ್ರುತಿ ಸುಮಾರು 44 ಸೆಂಟ್ (ಸೆಮಿಟೋನಿನ ನೂರನೇ ಒಂದು ಪಾಲು ಒಂದು ಸೆಂಟ್) ಏರುತ್ತದೆ, ಹೆಚ್ಚುಕಡಿಮೆ ಅರ್ಧ ಸೆಮಿಟೋನ್. ಅಷ್ಟು ಸಾಕು, ಬೌಲಿಯ ಮೆತ್ತನೆ ದನಿ ತೆಳ್ಳಗಾಗಿ ಬೇರೆಯವರದ್ದೇ ಅನ್ನಿಸೋಕೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಮಿನುಗುವ ದೀಪದಡಿ 77 ಗೆರೆಯ ಸ್ಟ್ರೋಬ್ ಡಿಸ್ಕ್ (ವೇಗ ನೋಡುವ ಗೆರೆಗಳ ಬಿಲ್ಲೆ) ನಿಂತಂತೆ ಕಂಡರೆ ವೇಗ 77.92, ಅದೇ ಸರಿ. ಮುಳ್ಳು ಸುಮಾರು 75 ಮೈಕ್ರಾನಿನದ್ದಿರಲಿ. ಎಲ್‌ಪಿ ತಟ್ಟೆಗಳ ಸಣ್ಣ ಮುಳ್ಳು ಗೀರಿನ ತಳ ಕೆರೆದು ಬರೀ ಗದ್ದಲ ಎತ್ತುತ್ತದೆ. ಎಲ್‌ಪಿಗೆ ಹೊಂದಿಸಿದ ಆರ್‌ಐಎಎ ಪ್ರೀಆಂಪ್ (ಮುಳ್ಳಿನಿಂದ ಬರುವ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆ) 10 ಕಿಲೋಹರ್ಟ್ಸಿನಲ್ಲಿ ಸುಮಾರು 14 ಡೆಸಿಬೆಲ್ ಇಳಿಸುವುದರಿಂದ ‘ಸ’ಕಾರಗಳೇ ಮಂಕಾಗುತ್ತವೆ. ಗದ್ದಲ ತೆಗೆಯುವ ಫಿಲ್ಟರನ್ನೂ ಹಾಕಬೇಡಿ, ವ್ಯಂಜನದ ಅಂಚೂ ಅದರ ಜೊತೆ ಹೋಗುತ್ತದೆ.

ಈಗ ಕೇಳಿ. ಬೌಲಿ ಮೈಕಿಗೆ ಆತುಕೊಂಡು, ಒಬ್ಬರ ಕಿವಿಯಲ್ಲಿ ಹೇಳುವ ಹಾಗೆ ಹಾಡುತ್ತಾರೆ. ಪದ ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ, ಸಾಲಿನ ಕೊನೆಯ ಸ್ವರ ಸಣ್ಣಗೆ ನಡುಗುತ್ತದೆ. ಎಷ್ಟು ಸಲ ಕೇಳಿದರೂ ಎದೆಗೆ ತಾಗುವ ಜಾಗ ಅದು. ಬ್ರೌನ್ ನೇರ: ಉಚ್ಚಾರ ಸ್ಪಷ್ಟ, ಪದ ತಾಳದ ಮೇಲೇ.

ಬ್ಯಾಂಡಿನ ಹೆಸರು ಸುಳಿವು ಮಾತ್ರ. ಬ್ಯಾಂಡ್ ನಾಯಕ ರೇ ನೋಬಲ್ ಅಂದರೆ ಬೌಲಿ, ಆಂಬ್ರೋಸ್ ಅಂದರೆ ಬ್ರೌನ್ ಅಂತ ಊಹಿಸಬಹುದು, ಆದರೆ ಸ್ಟುಡಿಯೋ ಗಾಯಕರು ಬ್ಯಾಂಡಿನಿಂದ ಬ್ಯಾಂಡಿಗೆ ಓಡಾಡುತ್ತಿದ್ದರು. ಲೇಬಲ್ಲಿನ ಪಕ್ಕ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನು (ಆ ಧ್ವನಿಮುದ್ರಣದ ಗುರುತಿನ ಸಂಖ್ಯೆ) ಟೇಕ್ ಅಂಕಿಯ, ಅಂದರೆ ಎಷ್ಟನೇ ಸಲದ ಮುದ್ರಣ ಅನ್ನುವುದರ, ಸಮೇತ ಬರೆದು ಹಾಕಿ, ಧ್ವನಿಮುದ್ರಣ ಪಟ್ಟಿಯೊಂದಿಗೆ ತಾಳೆ ನೋಡಬಹುದು.